ಕುಂಕುಮ ಹಚ್ಚಿದ ಆಟದ ಸಾಮಾನು

ಮಲೀಕಸಾಬರ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ನನ್ನದು ಮೊಳೆ ಬೇರ್ಪಡಿಸುವ ಕೆಲಸ. ಹುನಗುಂದದಲ್ಲಿ ನಮ್ಮಪ್ಪ ಅದನ್ನು ‘ಹುಡುಗ ಇಳಕಲ್ಲದಾಗ ಸರ್ವಿಸಿಗೆ ಅದಾನ’ ಎಂದು ಹೇಳಿಕೊಳ್ಳುತ್ತಿದ್ದ. ಒಂದಿಂಚಿನ ಮೊಳೆ ಒಂದು ಖಾನೆಗೆ, ಎರಡಿಂಚಿನದು ಇನ್ನೊಂದಕ್ಕೆ, ವಾಷರುಗಳು ಬೇರೆ. ಗಿರಾಕಿಗಳು ಕೈ ಹಾಕಿ ಕಲಸಿ ಹೋಗುತ್ತಿದ್ದರು, ನಾನು ಮತ್ತೆ ಬೇರೆ ಮಾಡುತ್ತಿದ್ದೆ. ಕಾಲೇಜು ನನ್ನನ್ನು ಬಿಟ್ಟು ಆಗಲೇ ವರ್ಷವಾಗಿತ್ತು. ನಾನೇ ಕಾಲೇಜು ಬಿಟ್ಟೆ ಎಂದು ಹೇಳುವ ರೂಢಿ ಇಟ್ಟುಕೊಂಡಿದ್ದೆ. ಇಷ್ಟು ವಿದ್ಯೆಯ ಬಲದ ಮೇಲೆ, ಜಗತ್ತಿನಲ್ಲಿ ಯಾವ ಸಾಮಾನು ಎಲ್ಲಿರಬೇಕು ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯಗಳಿದ್ದವು. ಇದು ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ಹೇಳಬೇಕಾದದ್ದು ನನ್ನ ಸೋದರತ್ತೆ ರತ್ನವ್ವನ ಬಗ್ಗೆ, ಆದರೆ ನಾನೇ ಮೊದಲು ಅಡ್ಡ ಬಂದಿದ್ದೇನೆ. ಆ ದಿನಗಳಲ್ಲಿ ಅವಳ ಮನೆಯಲ್ಲೂ ಹಾಗೇ ಆಗಿತ್ತು. ಒಳಗೆ ಕಾಲಿಟ್ಟವರು ಮೊದಲು ನನ್ನನ್ನು ದಾಟಬೇಕಿತ್ತು.

ರತ್ನವ್ವ ನಮ್ಮಪ್ಪನ ತಂಗಿ. ಹುನಗುಂದದ ನೇಕಾರರ ಓಣಿಯಲ್ಲಿ ಹುಟ್ಟಿ ಇಳಕಲ್ಲಿನ ನೇಕಾರರ ಓಣಿಗೆ ಸೊಸೆಯಾಗಿ ಬಂದವಳು. ಹುಟ್ಟಿದ ಮನೆಯಲ್ಲಿ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದಳು, ಕೊಟ್ಟ ಮನೆಯಲ್ಲೂ ನೂಲು ಸುತ್ತಿಕೊಡುತ್ತಿದ್ದಳು. ಬದಲಾದದ್ದು ರಾಟೆ ಮಾತ್ರ. ಮಾತಾಡುವಾಗ ಅವಳ ಬಲಗೈ ತಾನಾಗಿಯೇ ತಿರುಗುತ್ತಿತ್ತು, ರಾಟೆ ಮುಂದಿಲ್ಲದಿದ್ದರೂ. ಕೋಪ ಬಂದರೆ ಜೋರಾಗಿ ತಿರುಗುತ್ತಿತ್ತು. ಬೈಯುವುದು ಕಡಿಮೆ. ಕೈ ನೋಡಿಯೇ ನಾವು ಸುಮ್ಮನಾಗುತ್ತಿದ್ದೆವು.

ಸೋದರತ್ತೆ ಇರುವ ಊರಿನಲ್ಲಿ ಬಾಡಿಗೆ ಖೋಲಿ ಹಿಡಿಯುವುದು ನಮ್ಮಲ್ಲಿ ಇಲ್ಲ. ತವರಿನ ಹುಡುಗ ಎಲ್ಲೋ ಪರರ ಮನೆಯಲ್ಲಿ ಮಲಗಿದ ಎಂದು ಗೊತ್ತಾದರೆ ಓಣಿಯ ಹೆಂಗಸರು ನೀರು ತರುವಾಗಲೆಲ್ಲ ಅದನ್ನೇ ಎತ್ತುತ್ತಾರೆ. ಹಾಗಾಗಿ ನಾನು ಟ್ರಂಕು, ಹಾಸಿಗೆಯ ಸುರುಳಿ, ಪಂಪಿನ ಸಮೇತ ಸೈಕಲ್ಲು, ಒಂದು ಆಳೆತ್ತರದ ಕನ್ನಡಿ ಇಷ್ಟನ್ನು ತಂದು ಅತ್ತೆಯ ಮನೆಯಲ್ಲಿ ಇಳಿಸಿದೆ. ಒಂದೆರಡು ತಿಂಗಳು ಎಂದಿದ್ದೆ. ಆಮೇಲೆ ತಿಂಗಳುಗಳನ್ನು ಯಾರೂ ಎಣಿಸಲಿಲ್ಲ. ಎಣಿಸಿದ್ದರೂ ನನಗೆ ಹೇಳಲಿಲ್ಲ.

ಮನೆ ಎಂದರೆ ಎರಡು ಅಂಕಣ. ಹಿಂದಿನದರಲ್ಲಿ ಒಲೆ, ಬಚ್ಚಲು, ಜೋಳದ ಗಡಿಗೆಗಳು. ಮುಂದಿನದರಲ್ಲಿ ಅರ್ಧ ಜಾಗ ಈರಪ್ಪ ಮಾವನ ಕುಣಿಮಗ್ಗಕ್ಕೆ. ಮಾವ ಬೆಳಗಾದರೆ ಆ ಕುಣಿಯಲ್ಲಿ ಕಾಲಿಳಿಸಿ ಕುಳಿತನೆಂದರೆ ಊಟಕ್ಕೆ ಮಾತ್ರ ಹೊರಗೆ ಬರುತ್ತಿದ್ದ. ಮಗ್ಗದ ಎದುರಿನ, ಬೀದಿ ಕಡೆಯ ಗೋಡೆಗೆ ಹುಡುಗರ ಆಟದ ಸಾಮಾನು. ಒಳಗಿನ ಗೋಡೆಗೆ, ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ, ಗಾಳಿ ಬೀಸದ ಬೆಚ್ಚನೆಯ ಜಾಗದಲ್ಲಿ, ನಾನು.

ಆ ಹುಡುಗರು ಯಾರೂ ಅತ್ತೆಯ ಮಕ್ಕಳಲ್ಲ. ಅವಳಿಗಿದ್ದದ್ದು ಒಬ್ಬಳೇ ಮಗಳು, ಸಾವಿತ್ರೆವ್ವ. ಅವಳನ್ನು ನನಗೇ ಕೊಡಬೇಕೆಂಬ ಮಾತು ಒಂದು ಕಾಲಕ್ಕೆ ಬಂದಿತ್ತು. ಸೋದರತ್ತೆಯ ಮಗಳು, ನಮ್ಮ ಕಡೆ ಅದಕ್ಕಿಂತ ಸರಳ ಸಂಬಂಧ ಇಲ್ಲ. ಆದರೆ ಆಗ ನನಗೆ ಮೊಳೆ ಬೇರ್ಪಡಿಸುವ ಕೆಲಸವೂ ಇರಲಿಲ್ಲ. ಶಿರೂರಿನ ಮನೆತನದವರು ಬಂದು ನೋಡಿ ಒಪ್ಪಿ ಮಾಡಿಕೊಂಡು ಹೋದರು. ನಾನು ಮದುವೆಯಲ್ಲಿ ಪಂಕ್ತಿಗೆ ನೀರು ಬಡಿಸಿದೆ.

ಓಣಿಯ ಹುಡುಗರು ಅತ್ತೆಯ ಮನೆಗೆ ಬರುವುದಕ್ಕೆ ಕಾರಣ ನೇಕಾರಿಕೆ. ಹೊಸ ಹಾಸಿನ, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಯ, ನೂಲಿಗೆ ಗಂಜಿ ಹಾಕುವ ದಿನ ಅದನ್ನು ಓಣಿಯ ಉದ್ದಕ್ಕೂ ಬಿಗಿಯಾಗಿ ಹಾಸಿ ಕಟ್ಟುತ್ತಾರೆ. ಬಿಸಿಲು ಏರುವ ಮೊದಲೇ ಕುಂಚದಿಂದ ತಿಕ್ಕಿ ಒಣಗಿಸಬೇಕು. ಆ ಹೊತ್ತಿನಲ್ಲಿ ಒಬ್ಬ ಹುಡುಗ ಬಗರಿ ಬೆನ್ನಟ್ಟಿ ಓಡಿ ಬಂದರೂ ಸಾಕು, ನೂಲು ಹರಿದು, ಎರಡು ಮನೆತನಗಳು ಹಬ್ಬದವರೆಗೆ ಮಾತು ಬಿಡುತ್ತವೆ. ಸಾವಿತ್ರೆವ್ವ ಸಣ್ಣವಳಿದ್ದಾಗ ಒಂದು ಬೆಳಿಗ್ಗೆ ಅತ್ತೆ ಓಣಿಯ ಹುಡುಗರನ್ನೆಲ್ಲ ಒಳಗೆ ಕರೆದು, ಮಗಳ ಜೊತೆ ಆಡಲು ಕೂಡಿಸಿದಳು. ಅದೇ ಪದ್ಧತಿಯಾಯಿತು. ಯಾವ ಮನೆಯ ಹಾಸು ಬೀದಿಗೆ ಬಂದರೂ ಹುಡುಗರು ರತ್ನವ್ವಾಯಿಯ ಮನೆಗೆ. ಸಾವಿತ್ರೆವ್ವನ ಜೊತೆ ಆಡಿದವರು ಮೀಸೆ ಬಿಟ್ಟು ತಾವೇ ಮಗ್ಗ ಹೂಡಿದರು, ಸಾವಿತ್ರೆವ್ವ ಶಿರೂರಿಗೆ ಹೋದಳು, ಹುಡುಗರು ಮಾತ್ರ ಹಾಗೇ ಬರುತ್ತಿದ್ದರು. ಹುಡುಗರು ಬೇರೆ, ಸಾಮಾನು ಅದೇ.

ಏನು ಸಾಮಾನು ಎಂದರೆ: ಗಜಗ, ಹುಣಸೆ ಬೀಜ, ಒಡೆದ ಬಳೆಯ ಚೂರು, ಕಡ್ಡಿಪೆಟ್ಟಿಗೆಯ ಚಿತ್ರ, ಕುಂಟಾಟದ ಹಂಚಿನ ತುಂಡು, ಟೈರಿಲ್ಲದ ಸೈಕಲ್ ಚಕ್ರ, ಕಾಲು ಮುರಿದ ಅಳಗುಳಿಮಣೆ, ಮಗ್ಗದಿಂದ ಕತ್ತರಿಸಿ ಉಳಿದ ನೂಲಿನ ತುದಿಗಳು. ಚಪ್ಪಲಿಯ ರಟ್ಟಿನ ಪೆಟ್ಟಿಗೆಗೆ ಹಲ್ಲು ಕೊಯ್ದು ಮಾಡಿದ ಪುಟ್ಟ ಮಗ್ಗಗಳೂ ಇದ್ದವು. ಅದರ ಮೇಲೆ ಹುಡುಗಿಯರು ಬೆರಳಗಲದ ಪಟ್ಟಿ ನೇಯುತ್ತಿದ್ದರು. ಸೆರಗಿನ ಕೆಂಪು ರೇಷ್ಮೆಯ ತುಂಡು ಉಳಿದರೆ ಮಾವ ತಲೆ ಎತ್ತದೆ ಹಿಂದಕ್ಕೆ ಎಸೆಯುತ್ತಿದ್ದ, ಅದು ಯಾರದೋ ಕೈಗೆ ಬೀಳುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಲಗಂಜಿಯ ಕಣ್ಣಿನ ಮಣ್ಣಿನ ದೇವಿ ಗುಳ್ಳವ್ವ. ಇವಕ್ಕೆಲ್ಲ ಅತ್ತೆ ಜಾಗ ಮಾಡಿದ್ದಳು. ಗೋಡೆಯ ಗೂಡಿನಲ್ಲಿ ಕೆಲವು, ಜಂತಿಗೆ ಇಳಿಬಿಟ್ಟ ನೆಲುವಿನಲ್ಲಿ ಕೆಲವು, ಬಾಯಿ ಒಡೆದ ಗಡಿಗೆಯಲ್ಲಿ ಕೆಲವು. ಮಳೆಗಾಲದ ಆಟದ್ದು ಕೆಳಗೆ, ಬೇಸಿಗೆಯದು ಮೇಲೆ. ಬಳೆಚೂರೂ ಜೋಳದ ಕಾಳೂ ಒಂದೇ ಗಡಿಗೆಯಲ್ಲಿ ಇರುತ್ತಿದ್ದವು. ಇದನ್ನು ನೋಡಿದಾಗಲೆಲ್ಲ ನನ್ನೊಳಗಿನ ಮೊಳೆಯವನಿಗೆ ಸಂಕಟವಾಗುತ್ತಿತ್ತು.

ಆ ವರ್ಷ ಸಾವಿತ್ರೆವ್ವನಿಗೆ ದಿನ ತುಂಬುತ್ತಿದ್ದವು. ಆಷಾಢ ಹಿಡಿಯುವ ಮೊದಲೇ ಸೀಮಂತದ ಕುಬಸ ಮಾಡಿ ಮಗಳನ್ನು ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬರಬೇಕೆಂದು ಅತ್ತೆ, ಮಾವ ಹೂವು, ಹಣ್ಣು, ಹಸಿರು ಬಳೆ ಹಿಡಿದು ಶಿರೂರಿಗೆ ಹೋದರು. ಹೋದವರು ಇಬ್ಬರೇ ತಿರುಗಿ ಬಂದರು. ಬೀಗತಿ ಇಂದ್ರಾಬಾಯಿ, ಅಂದರೆ ಸಾವಿತ್ರೆವ್ವನ ಅತ್ತೆ, ಕುಬಸವನ್ನು ಸಂತೋಷದಿಂದ ಮಾಡಿಸಿಕೊಂಡು, ಕರೆದೊಯ್ಯುವ ಮಾತು ಬಂದಾಗ ಕೇಳಿದಳಂತೆ: ನಿಮ್ಮ ಮನೆ ನಾನು ನೋಡಿದ್ದೇನೆ, ಬಾಣಂತಿ ಮಲಗುವ ಹೊರಸು ಎಲ್ಲಿ ಹಾಕುತ್ತೀರಿ? ಬರುವ ಸೋಮವಾರ ನಾನೇ ಬಂದು ನೋಡುತ್ತೇನೆ, ಜಾಗ ಇದ್ದರೆ ಕಳಿಸುತ್ತೇನೆ, ಇಲ್ಲವಾದರೆ ಬಾಣಂತನ ಇಲ್ಲೇ ಆಗುತ್ತದೆ ಎಂದು ಬೀಗತಿ ಮಾತು ಮುಗಿಸಿದಳು.

ಅವತ್ತು ಅತ್ತೆ ರಾಟೆಯ ಮುಂದೆ ಕುಳಿತಳು, ಆದರೆ ಕೈ ತಿರುಗಲಿಲ್ಲ. ನಾನು ಅದನ್ನು ಅದೇ ಮೊದಲ ಸಲ ಕಂಡದ್ದು.

“ಇರಾಕಿ ಒಬ್ಬಾಕಿ ಮಗಳು,” ಎಂದಳು. “ಅಕೀ ಚೊಚ್ಚಲ ಬಾಣಂತನ ನನ್ನ ಮನ್ಯಾಗ ಆಗಲಿಲ್ಲಂದ್ರ ಇದಕ್ಕ ತವರಮನಿ ಅಂತ ಯಾಕ ಅನಬೇಕು?”

ಮಾವ ಲಾಳಿ ಎಸೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಅತ್ತೆಯೂ ನೋಡಿದಳು. ಇಬ್ಬರೂ ನನ್ನಿಂದ ಏನೋ ನಿರೀಕ್ಷಿಸುತ್ತಿದ್ದಾರೆಂದು ನನಗೆ ಸ್ಪಷ್ಟವಾಯಿತು. ಆ ಹುಡುಗರ ಸಾಮಾನು ನನಗೆ ಬಿಡು ಅತ್ತೀ, ಅದನ್ನೆಲ್ಲ ಒಂದು ಮೊಳ ಜಾಗದಲ್ಲಿ ಕೂಡಿಸಿ ತೋರಿಸುತ್ತೇನೆ ಎಂದೆ. ಅತ್ತೆ ಏನೋ ಹೇಳಲು ಬಾಯಿ ತೆರೆದಳು, ಮಾವನ ಮುಖ ನೋಡಿದಳು, ಆಮೇಲೆ “ಕೈ ತೊಳಕೋ, ಊಟಾ ಮಾಡು” ಎಂದಳು. ಮಗ್ಗ ಮತ್ತೆ ಸುರುವಾಯಿತು. ಅವರಿಗೆ ಮಾತೇ ಹೊರಡದಷ್ಟು ಮೆಚ್ಚುಗೆಯಾಗಿದೆ ಎಂದುಕೊಂಡೆ.

ಮರುದಿನ ಮಲೀಕಸಾಬರಿಗೆ ವಿಷಯ ಹೇಳಿ ಬಣ್ಣದ ಖಾಲಿ ಡಬ್ಬಿ, ಮೊಳೆಯ ಹಳೆಯ ಡಬ್ಬಿ ಕೇಳಿದೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಅತ್ತೆಯ ಮನೆ ಎಷ್ಟು ಅಂಕಣದ್ದು ಎಂದರು. ನಾನು ಎಲ್ಲಿ ಮಲಗುತ್ತೇನೆ ಎಂದರು. ಆಮೇಲೆ ಅಂಗಡಿಯ ಮೇಲೆ ಅಟ್ಟ ಖಾಲಿ ಬಿದ್ದಿದೆ, ಬೇಕಾದರೆ ಬಳಸಿಕೋ ಎಂದರು. ಅಲ್ಲಿ ಇಲಿ ಕಾಟ ಇದೆ, ಮೇಲಾಗಿ ಹುಡುಗರು ಆಟಕ್ಕೆ ಅಲ್ಲಿಯವರೆಗೆ ಬರುವುದು ಹೇಗೆ ಎಂದು ನಾನು ಆಕ್ಷೇಪಿಸಿದೆ. ಮಲೀಕಸಾಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ಡಬ್ಬಿ ತಗೊಂಡು ಹೋಗಪಾ,” ಎಂದರು.

ಡಬ್ಬಿಗಳನ್ನು ತೊಳೆದು, ಒಂದೊಂದರ ಮೇಲೂ ಕೆಂಪು ಬಣ್ಣದಿಂದ ಹೆಸರು ಬರೆದು, ಎಲ್ಲವನ್ನೂ ಜಾತಿಪ್ರಕಾರ ತುಂಬಿದೆ. ಗಾಜು ಗಾಜಿಗೆ, ಬೀಜ ಬೀಜಕ್ಕೆ, ನೂಲು ನೂಲಿಗೆ. ಬೀಜಗಳಲ್ಲೂ ದೊಡ್ಡದು, ಮಧ್ಯಮ, ಸಣ್ಣದು. ಓಣಿಯ ಹುಡುಗರು ಬಾಗಿಲಲ್ಲಿ ಸಾಲಾಗಿ ನಿಂತು ನೋಡಿದರು. ಅವರಲ್ಲಿ ಹೆಚ್ಚಿನವರಿಗೆ ಓದಲು ಬರುತ್ತಿರಲಿಲ್ಲ ಎಂಬುದು ಹೆಸರು ಬರೆದು ಮುಗಿದ ಮೇಲೆ ನೆನಪಾಯಿತು. ಮುಂದಾಳು ಗುಲಾಬಬಿ, ಓಣಿಯ ತುದಿಯಲ್ಲಿ ಸೈಕಲ್ ರಿಪೇರಿ ಮಾಡುವ ಗೌಸಸಾಬನ ಮಗಳು, ಮೂರನೆಯ ಇಯತ್ತೆ. ಅವಳಿಗೆ ಓದಲು ಬರುತ್ತಿತ್ತು. ಒಂದೊಂದೇ ಡಬ್ಬಿಯ ಹೆಸರು ಓದಿ ಮುಗಿಸಿ, “ಕಾಕಾ, ನೀವು ಊರಿಗೆ ಯಾವಾಗ ಹೋಗ್ತೀರಿ?” ಎಂದು ಕೇಳಿದಳು. ಎಲ್ಲಿಗೂ ಹೋಗುವುದಿಲ್ಲ, ಹೆದರಬೇಡ ಎಂದೆ.

ಮಂಗಳವಾರ ಬಂತು. ಗುಳ್ಳವ್ವನನ್ನು ಮಾಡಲು ಮಣ್ಣು ಬೇಕು, ಕಣ್ಣಿಗೆ ಗುಲಗಂಜಿ ಬೇಕು, ಮೈಮೇಲೆ ಚುಚ್ಚಲು ಜೋಳ, ಕೊರಳಿಗೆ ಕೆಂಪು ನೂಲು, ಸೊಂಟಕ್ಕೆ ಬಳೆಚೂರು. ಅತ್ತೆಯ ಒಡಕು ಗಡಿಗೆಯಲ್ಲಿ ಇದೆಲ್ಲ ಒಟ್ಟಿಗೇ ಇರುತ್ತಿತ್ತು. ಈಗ ಡಬ್ಬಿ ಡಬ್ಬಿಗೆ ಒಂದೊಂದು. ಹುಡುಗಿಯರು ಸ್ವಲ್ಪ ಹೊತ್ತು ಯೋಚಿಸಿ ಎಲ್ಲ ಡಬ್ಬಿಗಳನ್ನೂ ನೆಲದ ಮೇಲೆ ಸುರಿದುಕೊಂಡರು. ಡಬ್ಬಿಗಳು ಖಾಲಿಯಾದವು. ಖಾಲಿ ಡಬ್ಬಿ ಬಾರಿಸಿದರೆ ಒಳ್ಳೆಯ ಸಪ್ಪಳ ಬರುತ್ತದೆ ಎಂಬುದನ್ನು ಯಾರೋ ಕಂಡುಹಿಡಿದರು. ಮಾವನ ಎಳೆಗಳ ಲೆಕ್ಕ ತಪ್ಪಿತು. ಆ ಸೀರೆಯ ದಡಿಯಲ್ಲಿ ಒಂದು ಹೂವು ಮಿಕ್ಕವುಗಳಿಗಿಂತ ದಪ್ಪಗೆ ಬಂದಿದೆ, ಈಗ ಯಾರು ಉಟ್ಟಿದ್ದಾರೋ. ಸಂಜೆ ಎಲ್ಲವನ್ನೂ ಮತ್ತೆ ಗೋಡೆಗೆ ಒತ್ತಿದಾಗ ಮೊದಲಿನಷ್ಟೇ ಸಾಮಾನು, ಮೇಲೆ ಡಬ್ಬಿಗಳು. ಡಬ್ಬಿ ಇಡಲು ಜಾಗ ಇರಲಿಲ್ಲವಾದ್ದರಿಂದ ಅವನ್ನು ನನ್ನ ಟ್ರಂಕಿನ ಮೇಲೆ ಪೇರಿಸಿದೆ.

ಸೋಮವಾರ ಹತ್ತಿರ ಬರುತ್ತಿತ್ತು. ಅತ್ತೆ ಉಸಿರು ಬಿಟ್ಟು, ಇನ್ನು ಇದನ್ನೆಲ್ಲ ತಿಪ್ಪೆಗೆ ಹಾಕುವುದೇ ದಾರಿ ಎಂದಳು. ಹಾಗೆ ಹೇಳುವಾಗ ಅವಳು ಆ ಗೋಡೆಯ ಕಡೆ ನೋಡದೆ ಒಲೆಯ ಕಡೆ ನೋಡುತ್ತಿದ್ದಳು. ನಾನು ತಕ್ಷಣ ಒಪ್ಪಿದೆ. ಹುಡುಗರಿಗೂ ಹೇಳಿಯಾಯಿತು. ಯಾರೂ ಅಳಲಿಲ್ಲ, ಹಟ ಮಾಡಲಿಲ್ಲ. ಗುಲಾಬಬಿ ಮಾತ್ರ, ಮಣ್ಣೆತ್ತನ್ನೂ ತಿಪ್ಪೆಗೆ ಹಾಕುತ್ತೀರಾ ಆಯಿ ಎಂದು ವಿಚಾರಿಸಿದಳು. ಛೆ ಛೆ, ಅದಕ್ಕೆ ಪೂಜೆಯಾಗಿದೆ, ಕುಂಕುಮ ಹಚ್ಚಿದ್ದನ್ನು ತಿಪ್ಪೆಗೆ ಹಾಕಬಾರದು, ಅದು ಮಳೆಗೆ ತಾನೇ ಕರಗಲೆಂದು ಮಾಳಿಗೆಯ ಮೇಲೆ ಇಡುತ್ತೇವೆ ಎಂದು ಅತ್ತೆ ತಿಳಿಸಿ ಹೇಳಿದಳು. ಗುಲಾಬಬಿ ತಲೆಯಾಡಿಸಿದಳು.

ರವಿವಾರ ಬೆಳಿಗ್ಗೆ ಅತ್ತೆ, ಮಾವ ಓಣಿಯ ಕೊನೆಯ ಮನೆಯವರ ಹಾಸು ಹಿಡಿಯಲು ಹೋಗಿದ್ದರು. ನಾನು ಹಳ್ಳದ ಕಡೆ ಹೋಗಿದ್ದೆ. ಹುಡುಗರು ಎಂದಿನಂತೆ ಒಳಗಿದ್ದರು. ನಾವು ಮೂವರೂ ಹೆಚ್ಚು ಕಡಿಮೆ ಒಟ್ಟಿಗೇ ತಿರುಗಿ ಬಂದೆವು. ಬಾಗಿಲಲ್ಲಿ ಅತ್ತೆ ನಿಂತುಬಿಟ್ಟಳು.

ಗೋಡೆಗೆ ಒತ್ತಿದ ಪ್ರತಿಯೊಂದು ವಸ್ತುವಿಗೂ ಕುಂಕುಮ ಹಚ್ಚಿತ್ತು. ಗಜಗದ ರಾಶಿಗೆ ಕುಂಕುಮ, ಅಳಗುಳಿಮಣೆಗೆ ಕುಂಕುಮ, ಚಪ್ಪಲಿಯ ರಟ್ಟಿನ ಪೆಟ್ಟಿಗೆಗೂ ಕುಂಕುಮ. ಸೈಕಲ್ ಚಕ್ರವನ್ನು ಗೋಡೆಗೆ ನಿಲ್ಲಿಸಿ, ಅದಕ್ಕೆ ದಾಸವಾಳದ ಮಾಲೆ ಹಾಕಿ, ನಡುವೆ ಒಂದು ಊದುಬತ್ತಿ ಸಿಕ್ಕಿಸಿದ್ದರು. ಕಡ್ಡಿಪೆಟ್ಟಿಗೆಯ ಚಿತ್ರಗಳಿಗೆ ಒಂದೊಂದಕ್ಕೆ ಒಂದೊಂದು ಅಕ್ಷತೆ. ಇಡೀ ಮನೆಯಲ್ಲಿ ಕುಂಕುಮವಿಲ್ಲದೆ ಉಳಿದದ್ದು ಮಾವನ ಮಗ್ಗ ಮತ್ತು ನನ್ನ ಮೂಲೆ. ಮಗ್ಗಕ್ಕೆ ಅತ್ತೆ ದಿನಾ ತಾನೇ ಪೂಜೆ ಮಾಡುತ್ತಿದ್ದಳು. ನನ್ನದೊಂದನ್ನೇ ಬಿಟ್ಟರಲ್ಲ ಎಂದು ನನಗೆ ತುಸು ಬೇಸರವಾಯಿತು.

ಅತ್ತೆಯ ಕೈಗಳು ತಾವಾಗಿಯೇ ಕೂಡಿಕೊಂಡವು. ಇನ್ನು ಇದರಲ್ಲಿ ಒಂದನ್ನೂ ತಿಪ್ಪೆಗೆ ಹಾಕುವಂತಿರಲಿಲ್ಲ. ಮಾಳಿಗೆಯ ಮೇಲಿಟ್ಟರೆ ಸೈಕಲ್ ಚಕ್ರ ಕರಗಲು ಎಷ್ಟು ಮಳೆಗಾಲ ಬೇಕು ಎಂದು ಮಾವ ಗಂಭೀರವಾಗಿ ಕೇಳಿದ. ಹುಡುಗರು ಮಗ್ಗದ ಹಿಂದೆ ಸೇರಿಕೊಂಡಿದ್ದರು.

ಆಗ ಹೊರಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಸೋಮವಾರ ಬರುತ್ತೇನೆಂದಿದ್ದ ಇಂದ್ರಾಬಾಯಿ ರವಿವಾರವೇ ಬಂದಿದ್ದಳು. ಮನೆ ನೋಡಲು ಬರುವ ಬೀಗತಿ ಹೇಳಿದ ದಿನ ಬಂದರೆ ಅವಳಿಗೆ ಮನೆ ಕಾಣುವುದಿಲ್ಲ, ಸಿದ್ಧತೆ ಕಾಣುತ್ತದೆ. ಅಷ್ಟು ತಿಳಿದ ಹೆಂಗಸು. ಕಾಲು ತೊಳೆದು ಒಳಗೆ ಬಂದಳು, ಸೆರಗು ತಲೆ ಮೇಲೆ ಎಳೆದುಕೊಂಡಳು, ಎದುರಿಗೆ ಏನು ಕಂಡಳೋ ನೇರ ಮುಂದೆ ಹೋಗಿ, ಸೈಕಲ್ ಚಕ್ರಕ್ಕೆ ಮಂಡಿಯೂರಿ ಹಣೆ ಹಚ್ಚಿ ನಮಸ್ಕಾರ ಮಾಡಿದಳು.

ಇದು ಯಾವ ದೇವರು, ಬನಶಂಕರಿಯ ಪೀಠವೇನು ಎಂದು ಅವಳು ಅತ್ತೆಯನ್ನು ಕೇಳಿದಳು. ಮನೆಯ ಮಾನ ಉಳಿಸುವ ಹೊಣೆ ಓದಿದವನ ಮೇಲಿದೆ ಎಂದು ನನಗನಿಸಿತು. ಇದು ಚಕ್ರೇಶ್ವರಿ, ಭಾಳ ಕಡಕ್ ದೇವರು ಎಂದೆ.

ಇಂದ್ರಾಬಾಯಿ ಮತ್ತೊಮ್ಮೆ ಕೈಮುಗಿದಳು. ಆಮೇಲೆ ಎದ್ದು ನಿಂತು, ಕುಂಕುಮ ಹಚ್ಚಿದ ಅಷ್ಟನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ನಿಧಾನವಾಗಿ ತಲೆಯಲ್ಲಾಡಿಸಿದಳು.

“ನಾ ಜಾಗಾ ಇಲ್ಲಂತ ಅಷ್ಟ ತಿಳಿದಿದ್ದೆ ಬೀಗತೇರ,” ಎಂದಳು. “ಇಷ್ಟ ದೇವ್ರು ಕುಂತ ಮನ್ಯಾಗ ಪುರುಡು ಹ್ಯಾಂಗ ಮಾಡ್ತೀರಿ? ಬಾಣಂತಿ ಮೈಲಿಗಿ, ಕೂಸಿನ ಮೈಲಿಗಿ, ಇವಕ್ಕ ತಾಗೂದಿಲ್ಲೇನು? ಅದೂ ಕಡಕ್ ದೇವ್ರ ಅಂತೀರಿ. ಬ್ಯಾಡ. ಶಿರೂರಾಗ ಆಗ್ಲಿ.”

ಅವಳು ಚೀಲ ಕೈಗೆ ತೆಗೆದುಕೊಂಡಳು. ಸುಳ್ಳು ಹೇಳುವ ಮೊದಲು ಇದ್ದ ಸ್ವಲ್ಪ 'ಜಾಗ'ವನ್ನೂ ನಾನು ಒಂದೇ ಮಾತಿನಲ್ಲಿ ಮುಚ್ಚಿದ್ದೆ. ಮುಂದೆ ಇನ್ನೊಂದು ದೇವರ ಹೆಸರು ಹುಡುಕುತ್ತಿದ್ದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಅವಳ ಬಲಗೈ ತಿರುಗುತ್ತಿತ್ತು.

“ಇವು ದೇವ್ರಲ್ರಿ ಬೀಗತೇರ,” ಎಂದಳು. “ಹುಡುಗ್ರ ಆಟದ ಸಾಮಾನು. ನಿಮ್ಮ ಸೊಸಿ ಆಡಿದ್ದೂ ಇದರಾಗ ಐತಿ. ಹೊರಸ ಹಾಕಾಕ ಇದನ್ನೆಲ್ಲ ತಿಪ್ಪಿಗೆ ಹಾಕೂನು ಅಂದಿದ್ದೆ. ಹಾಕಬಾರ್ದಂತ ಈ ಹುಡುಗ್ರು ಕುಂಕುಮ ಹಚ್ಚ್ಯಾವ. ಅಂವ ಹೇಳಿದ್ದು ಸುಳ್ಳು.”

ಇಂದ್ರಾಬಾಯಿ ತನ್ನ ಹಣೆ ಮುಟ್ಟಿ ನೋಡಿಕೊಂಡಳು. ಅಲ್ಲಿ ಚಕ್ರದ ತುಕ್ಕು ಸ್ವಲ್ಪ ಹತ್ತಿತ್ತು. ಬೀಗತಿ ಸಿಟ್ಟಾದರೆ ಸಂಬಂಧವೇ ಹೋಗುತ್ತದೆ ಎಂಬಂಥ ಹೊತ್ತು. ಮಗ್ಗದ ಕುಣಿಗೆ ಇಳಿಯುತ್ತಿದ್ದ ಮಾವ, ನಮಸ್ಕಾರ ಎಂದೂ ದಂಡವಾಗುವುದಿಲ್ಲ, ಚಕ್ರಕ್ಕೆ ಮಾಡಿದ್ದು ಬನಶಂಕರಿಗೆ ಹೋಗಿರುತ್ತದೆ ಎಂದು ಲಾಳಿಗೆ ಹೇಳುವಂತೆ ಹೇಳಿದ.

ಬೀಗತಿ ಚೀಲ ಕೆಳಗಿಟ್ಟಳು. ಕುಂಕುಮ ಹಚ್ಚಿದವರು ಯಾರು ಎಂದಳು. ಮಗ್ಗದ ಹಿಂದಿನಿಂದ ಗುಲಾಬಬಿ ಹೊರಗೆ ಬಂದಳು. ಯಾರ ಮಗಳು ಎಂದು ಕೇಳಿದಾಗ ಗೌಸಸಾಬನ ಮಗಳು ಎಂದಳು. ಮಂತ್ರ ಏನಾದರೂ ಹೇಳಿದೆಯಾ ಎಂದು ಕೇಳಿದಾಗ, ಇಲ್ಲ, ಗುಳ್ಳವ್ವನ ಹಾಡು ಅರ್ಧ ಹೇಳಿದೆವು, ಪೂರ್ತಿ ಬರುವುದಿಲ್ಲ ಎಂದಳು. ಅರ್ಧ ಹಾಡಿಗೆ ದೇವರು ಬಂದು ಕೂಡುವುದಿಲ್ಲ ಎಂದು ಇಂದ್ರಾಬಾಯಿಗೆ ಸಮಾಧಾನವಾದಂತೆ ಕಂಡಿತು. ಅವಳು ಈಗ ಮನೆಯನ್ನು ಮೊದಲ ಸಲ ಸರಿಯಾಗಿ ನೋಡತೊಡಗಿದಳು. ಮಗ್ಗ ನೋಡಿದಳು, ಬೀದಿಯ ಗೋಡೆ ನೋಡಿದಳು, ಬಚ್ಚಲು ಎಷ್ಟು ದೂರ ಎಂದು ನೋಡಿದಳು. ಕೊನೆಗೆ ಅವಳ ಕಣ್ಣು ಒಳಗಿನ ಮೂಲೆಗೆ ಬಂದು ನಿಂತಿತು.

“ಎಲ್ಲಾಕೂ ಹಚ್ಚೀದಿ,” ಎಂದಳು ಗುಲಾಬಬಿಗೆ. “ಆ ಟ್ರಂಕಿಗೆ ಯಾಕ ಹಚ್ಚಿಲ್ಲವಾ?”

“ಅದು ಕಾಕಾಂದ್ರಿ,” ಎಂದಳು ಗುಲಾಬಬಿ. “ಅದನ್ನ ತಿಪ್ಪಿಗೆ ಹಾಕಿದ್ರ ನಡೀತೈತ್ರಿ.”

ಅತ್ತೆ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಮಾವ ಎಳೆ ಹರಿದಿದೆಯೇನೋ ಎಂಬಂತೆ ಬಗ್ಗಿ ಹುಡುಕತೊಡಗಿದ. ಹರಿದಿರಲಿಲ್ಲ.

ಇಂದ್ರಾಬಾಯಿ ಆ ಮೂಲೆಗೆ ಹೋಗಿ, ಕೈ ಚಾಚಿ ಗೋಡೆಯಿಂದ ಬಾಗಿಲಿನವರೆಗೆ ಅಳೆದಳು. ಹೊರಸು ಹಿಡಿಯುತ್ತದೆ, ಅಗ್ಗಿಷ್ಟಿಕೆಗೂ ಜಾಗ ಉಳಿಯುತ್ತದೆ, ಬಚ್ಚಲು ಸನಿಹ, ಗಾಳಿ ಬಡಿಯುವುದಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಈ ಡಬ್ಬಿ ಯಾರವು, ಈ ಕನ್ನಡಿ ಯಾರದು, ಈ ಸೈಕಲ್ಲು, ಈ ಹಾಸಿಗೆ ಎಂದು ಒಂದೊಂದನ್ನೇ ಕೇಳಿದಳು. ಎಲ್ಲ ಪ್ರಶ್ನೆಗೂ ಉತ್ತರ ಒಂದೇ ಆದ್ದರಿಂದ ನಾನು ನಡುವೆಯೇ ಹೇಳುವುದನ್ನು ಬಿಟ್ಟೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಹುನಗುಂದದ ಹುಡುಗನ ಹೆಸರು ಸೊಸೆಯ ಜೊತೆ ಒಂದು ಕಾಲಕ್ಕೆ ಕೇಳಿಬಂದಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಅಂಥವನು ಹೊದ್ದು ಮಲಗುವ ಅಂಕಣಕ್ಕೆ ದಿನ ತುಂಬಿದ ಸೊಸೆಯನ್ನು ಯಾವ ಅತ್ತೆಯೂ ಕಳಿಸುವುದಿಲ್ಲ. ಈ ಮಾತನ್ನು ಅವಳು ಆಡಲಿಲ್ಲ.

“ನೀವು ಮೊದಲ ಇದನ್ನ ಯಾಕ ಹೇಳಲಿಲ್ಲ ಬೀಗತೇರ?” ಎಂದಷ್ಟೇ ಕೇಳಿದಳು.

ಅತ್ತೆ ನೆಲ ನೋಡುತ್ತ, “ಅಂವ ನಮ್ಮಣ್ಣನ ಮಗ ಅದಾನ್ರಿ,” ಎಂದಳು. “ನನ್ನ ತವರಮನ್ಯಾವ್ರಿಗೆ ಹೊರಗ ಹೋಗಂತ ನಾ ಹ್ಯಾಂಗ ಅನ್ನಲಿ?”

ಓಣಿಗೆ ಗೊತ್ತಿತ್ತು. ಮಲೀಕಸಾಬರಿಗೆ ಗೊತ್ತಿತ್ತು. ಮೂರನೆಯ ಇಯತ್ತೆಯ ಹುಡುಗಿಗೆ ಗೊತ್ತಿತ್ತು. ಮಗಳಿಗೆ ತವರು ಬೇಕು, ತನ್ನ ತವರನ್ನು ನೋಯಿಸಬಾರದು. ಈ ಎರಡರ ನಡುವೆ ಸಿಕ್ಕ ಅತ್ತೆ, ತಾನು ಇಷ್ಟು ವರ್ಷ ಕೂಡಿಟ್ಟ ಹುಡುಗರ ಸಾಮಾನನ್ನೇ ತಿಪ್ಪೆಗೆ ಹಾಕಲು ಸಿದ್ಧಳಾಗಿದ್ದಳು. ನಾನು ಅವಳಿಗೆ ಡಬ್ಬಿ ತಂದುಕೊಟ್ಟಿದ್ದೆ.

ಮಲೀಕಸಾಬರ ಅಟ್ಟ ಖಾಲಿ ಇದೆ ಎಂದು ಹೇಳಿದೆ. ಅಲ್ಲಿ ಇಲಿ ಇವೆಯೆಂದು ಮೊನ್ನೆ ಡಬ್ಬಿ ತಂದಾಗ ನೀನೇ ಅಂದೆಯಲ್ಲ ಎಂದಳು ಅತ್ತೆ. ಅದು ಡಬ್ಬಿಯ ವಿಷಯಕ್ಕೆ, ಮನುಷ್ಯರನ್ನು ಅವು ಏನೂ ಮಾಡುವುದಿಲ್ಲ ಎಂದೆ. ಅತ್ತೆ ಕೂಡಲೇ ಒಪ್ಪಲಿಲ್ಲ. ಎರಡೂ ಹೊತ್ತಿನ ಊಟಕ್ಕೆ ಇಲ್ಲಿಗೇ ಬರಬೇಕು, ಖಾನಾವಳಿಯ ಹೊಸ್ತಿಲು ತುಳಿದ ಸುದ್ದಿ ಬಂದರೆ ತಾನೇ ಹುನಗುಂದಕ್ಕೆ ಹೋಗಿ ಅಣ್ಣನ ಮುಂದೆ ಕೂಡುತ್ತೇನೆ ಎಂದು ಹೇಳಿ ನನ್ನಿಂದ ಮಾತು ತೆಗೆದುಕೊಂಡಳು. ಆಮೇಲೆ ಒಳಗೆ ಹೋಗಿ ಬೀಗತಿಗೆ ಚಹಾ ಇಟ್ಟಳು.

ನಾನು ಟ್ರಂಕು ಎತ್ತುವಾಗ ಸಹಾಯಕ್ಕೆ ಇಡೀ ಓಣಿಯ ಹುಡುಗರು ಬಂದರು. ಅಷ್ಟು ಉತ್ಸಾಹ ನಾನು ಅವರಲ್ಲಿ ಹಿಂದೆ ಕಂಡಿರಲಿಲ್ಲ. ಗೌಸಸಾಬ ಕೈಗಾಡಿ ಕೊಟ್ಟ. ಇತ್ತ ಇಂದ್ರಾಬಾಯಿ, ತಾನು ನಮಸ್ಕಾರ ಮಾಡಿದ ಮೇಲೆ ಸುಮ್ಮನೆ ಬಿಡಲಾಗದು ಎಂದು, ಹಚ್ಚಿದ ಹುಡುಗರ ಕೈಗಳಿಂದಲೇ ಒದ್ದೆ ಅರಿವೆಯಲ್ಲಿ ಕುಂಕುಮ ಒರೆಸಿಸಿದಳು. ಮಣ್ಣಿನವು ಮಾತ್ರ ಮಾಳಿಗೆ ಏರಿದವು. ಒರೆಸಿದ ಸಾಮಾನನ್ನು ಅತ್ತೆ ತನ್ನ ಹಳೆಯ ಗೂಡು, ನೆಲುವು, ಗಡಿಗೆಗಳಿಗೆ ತುಂಬಿದಳು. ಯಾವುದು ಎಲ್ಲಿ ಎಂದು ಬೀಗತಿ ನಡುನಡುವೆ ಸಲಹೆ ಕೊಟ್ಟಳು, ಅತ್ತೆ ಹೂಂ ಎಂದು ಬೇರೆ ಕಡೆ ಇಟ್ಟಳು. ಒಂದು ರಟ್ಟಿನ ಮಗ್ಗವನ್ನು ಇಂದ್ರಾಬಾಯಿ ತಿರುಗಿಸಿ ತಿರುಗಿಸಿ ನೋಡಿ, ಇದು ನಮ್ಮ ಸೊಸೆಯದೇ ಎಂದು ಕೇಳಿ, ಹೌದು ಎಂದ ಮೇಲೆ ತನ್ನ ಚೀಲಕ್ಕೆ ಹಾಕಿಕೊಂಡಳು.

ಶ್ರಾವಣ ಹಿಡಿಯುವ ಮುಂಚೆ ಸಾವಿತ್ರೆವ್ವ ಬಂದಳು. ಹೊರಸು ನನ್ನ ಮೂಲೆಯಲ್ಲಿ ಅಳತೆ ಮಾಡಿದಂತೆ ಕೂತಿತು. ನಾನು ಮಧ್ಯಾಹ್ನ ಊಟಕ್ಕೆ ಬಂದರೆ ಅತ್ತೆ ತಾಟನ್ನು ಹೊರಗಿನ ಕಟ್ಟೆಗೇ ತಂದುಕೊಡುತ್ತಿದ್ದಳು. ಹುಡುಗರ ಆಟವೂ ಆ ದಿನಗಳಲ್ಲಿ ಕಟ್ಟೆಯ ಮೇಲೆಯೇ. ಬೀದಿಯಲ್ಲಿ ಹಾಸು ಇರಲಿ ಇಲ್ಲದಿರಲಿ, ಕೆಳಗೆ ಇಳಿಯಬಾರದೆಂದು ಅಪ್ಪಣೆ. ಒಂದು ದಿನ ನಾನು ಬಂದಾಗ ತಾಟು ಬರಲಿಲ್ಲ. ಸೂಲಗಿತ್ತಿ ಒಳಗೆ ಹೋಗಿ ಬಹಳ ಹೊತ್ತಾಗಿತ್ತು. ಮಾವನ ಮಗ್ಗ ನಿಂತಿತ್ತು. ಅವನೂ ಹೊರಗೆ ಬಂದು ಕಟ್ಟೆಯ ತುದಿಯಲ್ಲಿ, ಇಳಿಬಿಡಲು ಕುಣಿ ಇಲ್ಲದ ಕಾಲುಗಳನ್ನು ಏನು ಮಾಡಬೇಕೆಂದು ತಿಳಿಯದೆ ಕುಳಿತಿದ್ದ.

ಗುಲಾಬಬಿ ನನ್ನ ಕೈಗೆ ಒಂದು ಹುಣಸೆ ಬೀಜ ಕೊಟ್ಟಳು. ಚೌಕಾಬಾರಕ್ಕೆ ಬೇಕಂತೆ, ಒಂದು ಮಗ್ಗುಲು ಬಿಳಿ ಆಗುವವರೆಗೆ ಕಲ್ಲಿಗೆ ತಿಕ್ಕಬೇಕು. ಮಾವನಿಗೂ ಎರಡು ಕೊಟ್ಟಳು. ಇಬ್ಬರೂ ತಿಕ್ಕಿದೆವು. ಒಳಗೆ ಸಾವಿತ್ರೆವ್ವ ಒಮ್ಮೆ ಕೂಗಿದಳು, ಆಮೇಲೆ ಇನ್ನೊಮ್ಮೆ, ಮಾವನ ಕೈ ನಿಂತಿತು. ಹುಡುಗರೆಲ್ಲ ಬಾಗಿಲ ಕಡೆ ತಿರುಗಿದರು. ನಂತರ ಬೇರೆಯೇ ಒಂದು ದನಿ ಕೇಳಿತು, ಸಣ್ಣದು, ಸಿಟ್ಟಿನದು.

ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದಳು. ಮುಖವೆಲ್ಲ ಬೆವರು. ಕಟ್ಟೆಯ ಮೇಲಿದ್ದವರನ್ನೆಲ್ಲ ಒಮ್ಮೆ ನೋಡಿದಳು. ನನ್ನನ್ನೂ ಆ ಸಾಲಿನಲ್ಲಿಯೇ ನೋಡಿದಳು.

“ಹೆಣ್ಣು,” ಎಂದಳು. “ಇಬ್ರೂ ಆರಾಮ ಅದಾರ. ಗದ್ದಲಾ ಮಾಡಬ್ಯಾಡ್ರಿ.”

ಬಾಗಿಲು ಮುಚ್ಚಿತು. ಮಾವ ಮುಖ ಆ ಕಡೆ ತಿರುಗಿಸಿ ಬಹಳ ಹೊತ್ತು ಮೂಗು ಒರೆಸಿಕೊಂಡ. ಗುಲಾಬಬಿ ನನ್ನ ಬೀಜವನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೂ ಬಿಳಿ ಆಗಿಲ್ಲ ಎಂದು ದನಿ ತಗ್ಗಿಸಿ ಹೇಳಿ ತಿರುಗಿ ಕೈಗೆ ಕೊಟ್ಟಳು. ಸಪ್ಪಳವಾಗದಂತೆ ತಿಕ್ಕತೊಡಗಿದೆ.